ಅಮಿನಿ: ಮಂಗಳೂರಿನ ಲೆಕ್ಕದಲ್ಲಿದ್ದ ಹವಳದ ಊರು

ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಲಕ್ಷದ್ವೀಪದ ಹವಳದ ದ್ವೀಪ ಅಮಿನಿ. ಉದ್ದ ಮೂರು ಕಿ.ಮೀ.ಗೂ ಕಡಿಮೆ, ಅಗಲ ಒಂದು ಕಿ.ಮೀ.ಗೆ ತುಸು ಹೆಚ್ಚು. ಬೆಳಿಗ್ಗೆ ಹೊರಟವನು ದಂಡೆಗುಂಟ ಇಡೀ ಊರನ್ನು ಸುತ್ತಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. 2011ರ ಜನಗಣತಿಯ ಪ್ರಕಾರ ಇಲ್ಲಿಯ ಜನಸಂಖ್ಯೆ 7,661. ಇದರ ಜೊತೆಗೆ ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ ಸೇರಿ ಆದದ್ದು ಅಮಿನಿದೀವಿ ಗುಂಪು. ಪ್ರತಿ ಮುಂಗಾರಿನಲ್ಲಿ ಹವಾಮಾನ ಇಲಾಖೆಯ ವರದಿಗಳಲ್ಲಿ ಕೇಳಿಬರುವ 'ಅಮಿನಿದೀವಿ' ಇದೇ. ಕರಾವಳಿಯ ಕನ್ನಡಿಗರಿಗೆ ಈ ಹೆಸರು ಇಂದು ಮಳೆಯ ಸುದ್ದಿಯಲ್ಲಷ್ಟೇ ಉಳಿದಿದೆ. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಊರಿನ ಕಂದಾಯ, ನ್ಯಾಯ, ವ್ಯಾಪಾರ ಮೂರೂ ನಡೆದದ್ದು ಮಂಗಳೂರಿನ ಕಚೇರಿಯ ಕೈಕೆಳಗೆ.

ಅಮಿನಿಯಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಕಾಲಡಿಯ ನೆಲವೆಲ್ಲ ಹವಳ ಪುಡಿಯಾಗಿ ಆದ ಬಿಳಿ ಮರಳು. ಮರಳಿನ ಕೆಳಗೆ ಸುಣ್ಣಕಲ್ಲಿನ ಗಟ್ಟಿ ಹಾಸು ಸಿಗುತ್ತದೆ. ಅದನ್ನು ಒಡೆದರೆ ಮತ್ತೆ ಸಡಿಲ ಮರಳು, ಅದರಲ್ಲಿ ಸಿಹಿನೀರು. ಒಡೆದು ತೆಗೆದ ಕಲ್ಲು ಮನೆಯ ಗೋಡೆಗೆ ಒದಗಿತು, ಒಡೆದ ಜಾಗ ಬಾವಿಯಾಯಿತು. ಮಳೆಯ ನೀರು ಮರಳಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ಹಗುರಾದ ಪದರವಾಗಿ ತೇಲುತ್ತ ನಿಲ್ಲುತ್ತದೆ. ಕಡಲು ಉಬ್ಬಿದಾಗ ಬಾವಿಯ ನೀರೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಕೊಡದಲ್ಲಿ ಸೇದಿದರೆ ಸಿಹಿಯಾಗಿರುವ ಬಾವಿ ಪಂಪು ಹಾಕಿ ಎಳೆದರೆ ಉಪ್ಪಾಗುತ್ತದೆ. ಹವಳದ ದ್ವೀಪದ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿಲ್ಲ.

ದ್ವೀಪದ ಪಶ್ಚಿಮಕ್ಕೆ ಹವಳದ ದಂಡೆಯೊಂದು ಗೋಡೆಯಂತೆ ನಿಂತಿದೆ. ದಂಡೆಗೂ ನೆಲಕ್ಕೂ ನಡುವೆ ಇರುವ ಆಳವಿಲ್ಲದ ತಿಳಿನೀರಿನ ಹರವೇ ಲಗೂನು. ಅಮಿನಿಯ ಲಗೂನು ಕಿರಿದು. ಆದರೂ ಮುಂಗಾರಿನ ಅಲೆಗಳು ಆ ದಂಡೆಗೆ ಬಡಿದು ಒಡೆಯುವುದರಿಂದಲೇ ಒಳಗಿನ ಊರು ಉಳಿದಿದೆ. ನೀರಿಳಿದಾಗ ದಂಡೆ ತೆರೆದುಕೊಳ್ಳುತ್ತದೆ. ಆಗ ಜನ ಈಟಿ ಹಿಡಿದು ಬಂಡೆಯ ಬಿರುಕುಗಳಲ್ಲಿ ಅಡಗಿದ ಅಷ್ಟಪದಿಯನ್ನು ಹುಡುಕುತ್ತಾರೆ. ಬೂದು ಕೊಕ್ಕರೆ ಅದೇ ನೀರಿನಲ್ಲಿ ಮೀನಿಗಾಗಿ ಕಾದು ನಿಂತಿರುತ್ತದೆ. ಸಂಜೆ ಮರಳಿನ ಮೇಲೆ ಶಂಖದೊಳಗೆ ಮನೆ ಮಾಡಿಕೊಂಡ ಏಡಿಗಳು ಓಡಾಡುತ್ತವೆ. ಚಳಿಗಾಲದಲ್ಲಿ ದೂರದ ಉತ್ತರದಿಂದ ಗೊರವ ಹಕ್ಕಿಗಳು ಬಂದಿಳಿಯುತ್ತವೆ. ಕಡಲಾಮೆ ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಹಿಂದೆ ಅದರ ಕೊಬ್ಬನ್ನು ದೋಣಿಯ ಹಲಗೆಗೆ ಸವರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೆ ತಡೆ ಬಿತ್ತು.

ಊರಿನ ನೆತ್ತಿಯೆಲ್ಲ ತೆಂಗು. ಅದರ ನೆರಳಿನಲ್ಲಿ ಬಾಳೆ, ನುಗ್ಗೆ, ಜೀಗುಜ್ಜೆ. ಜೀಗುಜ್ಜೆಗೆ ಕನ್ನಡದಲ್ಲಿ ದೀವಿಹಲಸು ಎಂಬ ಇನ್ನೊಂದು ಹೆಸರಿದೆ. ದೀವಿ ಎಂದರೆ ದ್ವೀಪ. ತೆಂಗಿಗೆ ಇಲ್ಲಿಯ ದೊಡ್ಡ ಶತ್ರು ಇಲಿ. ಮರದ ಸುಳಿಯಲ್ಲೇ ಗೂಡು ಕಟ್ಟಿ, ಒಂದು ಮರದಿಂದ ಇನ್ನೊಂದಕ್ಕೆ ಗರಿಯ ಮೇಲೇ ದಾಟುತ್ತ ಎಳನೀರು ಕೊರೆಯುವ ಇಲಿಗಳನ್ನು ಕೊಲ್ಲಲು ಊರಿನ ಗಂಡಸರೆಲ್ಲ ಒಟ್ಟಾಗಿ ಬೇಟೆಗೆ ಇಳಿಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಇದು ಸರ್ಕಾರಿ ಅಧಿಕಾರಿಯೇ ಕರೆದು ನಡೆಸುವ ಕಡ್ಡಾಯದ ಕೆಲಸವಾಗಿತ್ತು.

ಅಮಿನಿಯ ಹಳೆಯ ಚರಿತ್ರೆ ಬಾಯಿಂದ ಬಾಯಿಗೆ ಬಂದದ್ದು. ಅರೇಬಿಯದಿಂದ ಹೊರಟ ಉಬೈದುಲ್ಲಾ ಎಂಬ ಸಂತರ ಹಡಗು ಒಡೆದು ಅವರು ಇಲ್ಲಿ ದಡ ಸೇರಿದರು, ಇಸ್ಲಾಂ ಸಾರಿದರು, ಮೊದಲು ವಿರೋಧ ಎದುರಿಸಿದರು ಎಂದು ದ್ವೀಪದವರು ನಂಬುತ್ತಾರೆ. ಅವರ ಗೋರಿ ಇರುವುದು ಆಂದ್ರೋತ್ ದ್ವೀಪದಲ್ಲಿ. ನಂಬಿಗಸ್ತ ಎಂಬ ಅರ್ಥದ 'ಅಮೀನ್' ಎಂಬ ಅರಬ್ಬೀ ಪದದಿಂದ ಊರಿಗೆ ಈ ಹೆಸರು ಬಂತೆಂಬ ಮಾತೂ ಇದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಹಡಗಿನ ಹಗ್ಗಕ್ಕೆ ಬೇಕಾದ ತೆಂಗಿನ ನಾರಿಗಾಗಿ ಅಮಿನಿಯಲ್ಲಿ ಬಲವಂತವಾಗಿ ಇಳಿದರು. ಊರವರು ವಿಷವಿಕ್ಕಿ ಅವರನ್ನು ಕೊಂದರೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಆ ಬಳಿಕ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದವು. ತೆಂಗಿನ ನಾರನ್ನು ಕೊಳ್ಳುವ ಹಕ್ಕನ್ನು ಆ ಮನೆತನ ತಾನೇ ಇಟ್ಟುಕೊಂಡು ಬೆಲೆಯನ್ನೂ ತಾನೇ ಗೊತ್ತುಮಾಡುತ್ತಿತ್ತು. ಅದರ ಕಾರಭಾರಿಗಳ ಕಿರುಕುಳ ತಾಳದೆ 1780ರ ದಶಕದಲ್ಲಿ ಅಮಿನಿಯ ಮುಖಂಡರು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅರಕ್ಕಲ್ ಮನೆತನದೊಡನೆ ಟಿಪ್ಪುವಿಗೆ ಸ್ನೇಹವಿತ್ತು. ಮಾತುಕತೆಯ ಮೂಲಕ ಅಮಿನಿದೀವಿ ಗುಂಪು ಮೈಸೂರಿನ ಆಳ್ವಿಕೆಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕೆನರಾ ಜಿಲ್ಲೆಗೂ, ಅದು ಎರಡಾದ ಮೇಲೆ ದಕ್ಷಿಣ ಕನ್ನಡಕ್ಕೂ ಸೇರಿ, ಮಂಗಳೂರಿನ ಕಲೆಕ್ಟರರ ಅಧೀನದಲ್ಲಿ ಉಳಿದವು. ದ್ವೀಪದಲ್ಲಿ ನಿಂತು ಆಡಳಿತ ನೋಡುತ್ತಿದ್ದವನು ಮಣೇಗಾರ. ದಕ್ಷಿಣದ ಕವರತ್ತಿ, ಆಂದ್ರೋತ್, ಕಲ್ಪೇನಿಗಳದು ಬೇರೆಯೇ ದಾರಿ. ಅವು ಕಣ್ಣೂರಿನ ಕೈಯಲ್ಲೇ ಉಳಿದು ಮುಂದೆ ಮಲಬಾರ್ ಜಿಲ್ಲೆಗೆ ಸೇರಿದವು.

ಮಂಗಳೂರನ್ನೂ ಅಮಿನಿಯನ್ನೂ ಕಟ್ಟಿಹಾಕಿದ್ದು ಕತ್ತದ ಹಗ್ಗ. ತೆಂಗಿನ ಸಿಪ್ಪೆಯನ್ನು ಲಗೂನಿನ ದಡದ ಗುಂಡಿಗಳಲ್ಲಿ ಹೂತು, ತೇಲಿ ಹೋಗದಂತೆ ಹವಳದ ಕಲ್ಲು ಹೇರಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಕೊಳೆಯಿಸುತ್ತಿದ್ದರು. ಮೆತ್ತಗಾದ ಸಿಪ್ಪೆಯನ್ನು ಹೊರತೆಗೆದು, ಕೊಡತಿಯಿಂದ ಬಡಿದು, ತೊಳೆದು, ಒಣಗಿಸಿ, ನಾರನ್ನು ಅಂಗೈಗಳ ನಡುವೆ ಹೊಸೆದು ಹುರಿ ಮಾಡುವುದು ಪೂರ್ತಿ ಹೆಂಗಸರ ಕೆಲಸ. ಅಡುಗೆಯ ನಡುವೆ, ಮಗುವನ್ನು ತೂಗುವಾಗ, ನೆರೆಮನೆಯ ಜಗಲಿಯಲ್ಲಿ ಮಾತಾಡುವಾಗ ಎಂದಿಲ್ಲದೆ ಕೈ ಹುರಿ ಹೊಸೆಯುತ್ತಲೇ ಇರುತ್ತಿತ್ತು. ಹೊಸೆದ ಹುರಿ ಓಡದಲ್ಲಿ, ಅಂದರೆ ಹಾಯಿಯ ಹಡಗಿನಲ್ಲಿ ಮಂಗಳೂರಿಗೆ ಹೋಗಿ ಸರ್ಕಾರಿ ಉಗ್ರಾಣ ಸೇರುತ್ತಿತ್ತು. ಅದಕ್ಕೆ ಬದಲಾಗಿ ಬರುತ್ತಿದ್ದದ್ದು ಅಕ್ಕಿ. ಭತ್ತ ಬೆಳೆಯದ ನೆಲದಲ್ಲಿ ಒಲೆಯ ಮೇಲಿನ ಅನ್ನ ಹೆಂಗಸರ ಅಂಗೈಯಿಂದಲೇ ಬಂದದ್ದು ಎಂದರೆ ಅತಿಶಯವಲ್ಲ. ಆ ದುಡಿಮೆಯನ್ನು ಬಿಟ್ಟು ಅಮಿನಿಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಓಡ ನಡೆಸುವುದು ಗಂಡಸರ ಪಾಲು. ಹಡಗಿನ ಹಲಗೆಗಳನ್ನು ಕತ್ತದ ಹುರಿಯಿಂದಲೇ ಹೊಲಿಯುತ್ತಿದ್ದರು. ದಾರಿ ಬಲ್ಲ ನಾವಿಕನಿಗೆ ಮಾಲ್ಮಿ ಎಂದು ಹೆಸರು. ಹಲಗೆಯ ಚೂರಿಗೆ ಗಂಟು ಹಾಕಿದ ದಾರ ಕಟ್ಟಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆಯುವ ವಿದ್ಯೆ ಅವರಲ್ಲಿತ್ತು. ಮುಂಗಾರು ಮುಗಿದ ಮೇಲೆ ಹೊರಟ ಓಡಗಳು ಮುಂದಿನ ಮುಂಗಾರಿನೊಳಗೆ ಮರಳಬೇಕು. ಮರಳದ ಓಡಗಳೂ ಇದ್ದವು.

ಗಂಡಸರು ತಿಂಗಳುಗಟ್ಟಲೆ ಕಡಲಲ್ಲಿರುವ ಊರಿನಲ್ಲಿ ಮನೆ ನಿಂತದ್ದು ತಾಯಿಯ ಮೇಲೆ. ಇಲ್ಲಿಯ ಕುಟುಂಬಕ್ಕೆ ತರವಾಡು ಎಂದೇ ಹೆಸರು. ಅದು ತಾಯಿಯ ಬಳಿಯಲ್ಲಿ ಸಾಗುತ್ತದೆ. ಅಜ್ಜಿ, ಆಕೆಯ ಹೆಣ್ಣುಮಕ್ಕಳು, ಗಂಡುಮಕ್ಕಳು, ಮಗಳ ಮಕ್ಕಳು ಒಂದೇ ಸೂರಿನಡಿ ಇರುತ್ತಿದ್ದರು. ಮನೆಯ ವ್ಯವಹಾರ ನೋಡುವವನು ಹಿರಿಯ ಸೋದರಮಾವ, ಅಂದರೆ ಕಾರಣವರ್. ಮದುವೆಯಾದ ಹೆಣ್ಣು ತನ್ನ ತಾಯಿಮನೆ ಬಿಡುವುದಿಲ್ಲ. ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಗಾದರೆ ತನ್ನ ತಾಯಿಯ ಮನೆಗೆ ಮರಳುತ್ತಿದ್ದ. ತುಳುನಾಡಿನ ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಬಳಿಯಲ್ಲಿ ಇಳಿದರೂ ಹೆಂಡತಿ ಗಂಡನ ಮನೆಯಲ್ಲಿ ಬಾಳುವ ರೂಢಿಯಿತ್ತು. ಆ ದೃಷ್ಟಿಯಿಂದ ದ್ವೀಪದ ಪದ್ಧತಿ ಒಂದು ಹೆಜ್ಜೆ ಮುಂದೆ.

ಶರೀಅತ್ ಪ್ರಕಾರ ಆಸ್ತಿ ತಂದೆಯಿಂದ ಮಕ್ಕಳಿಗೆ ಇಳಿಯಬೇಕು, ತರವಾಡಿನ ಕಟ್ಟಿನಲ್ಲಿ ತಾಯಿಯ ಬಳಿಗೆ. ಈ ಎರಡನ್ನೂ ಹೊಂದಿಸಿಕೊಳ್ಳಲು ದ್ವೀಪದವರು ವಾರದ ಎರಡು ದಿನಗಳ ಹೆಸರು ಬಳಸಿದರು. ತರವಾಡಿನ ಒಟ್ಟು ಆಸ್ತಿ 'ವೆಳ್ಳಿಯಾಳ್ಚ ಸೊತ್ತು', ಅಂದರೆ ಶುಕ್ರವಾರದ ಆಸ್ತಿ. ಅದು ಹೆಣ್ಣಿನ ಬಳಿಯಲ್ಲೇ ಸಾಗುತ್ತದೆ. ಒಬ್ಬ ವ್ಯಕ್ತಿ ಸ್ವಂತ ದುಡಿಮೆಯಿಂದ ಗಳಿಸಿದ್ದು 'ತಿಂಗಳಾಳ್ಚ ಸೊತ್ತು', ಸೋಮವಾರದ ಆಸ್ತಿ. ಅದು ಶರೀಅತ್ ಪ್ರಕಾರ ಮಕ್ಕಳಿಗೆ ಹೋಗುತ್ತದೆ. ಇಸ್ಲಾಂ ಮತ್ತು ಮಾತೃವಂಶ ಒಟ್ಟಿಗೆ ಬಾಳಲಾರವು ಎಂದುಕೊಂಡವರಿಗೆ ಈ ದ್ವೀಪಗಳೇ ಉತ್ತರ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ದಕ್ಷಿಣದ ಕಲ್ಪೇನಿಯನ್ನು ಆಧರಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಹೊಂದಾಣಿಕೆಯನ್ನೇ ಕುರಿತದ್ದು. ಸರ್ಕಾರಿ ನೌಕರಿ, ಸಂಬಳ, ಬೇರೆ ಮನೆ ಕಟ್ಟುವ ಆಸೆ ಬಂದಂತೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗಿರುವ ಮನೆಗಳು ಹೆಚ್ಚುತ್ತ ಬಂದಿವೆ. ಶುಕ್ರವಾರದ ಆಸ್ತಿಯನ್ನು ಪಾಲು ಮಾಡಿಕೊಳ್ಳುವುದೂ ನಡೆದಿದೆ.

ಸಮಾಜದಲ್ಲಿ ಮೇಲು ಕೀಳಿನ ಭೇದವೂ ಗಟ್ಟಿಯಾಗಿಯೇ ಇತ್ತು. ನೆಲ ಮತ್ತು ಓಡಗಳ ಒಡೆಯರು ಕೋಯರು, ಹಡಗು ನಡೆಸುವವರು ಮಾಲ್ಮಿಗಳು, ತೆಂಗಿನ ಮರವೇರಿ ಕಾಯಿ ಕೀಳುವವರು, ನೀರಾ ಇಳಿಸುವವರು ಮೇಲಾಚೇರಿಗಳು. ಇಂದು ಶಾಲೆ ಮತ್ತು ನೌಕರಿ ಆ ಗೆರೆಗಳನ್ನು ಬಹುಮಟ್ಟಿಗೆ ಅಳಿಸಿವೆ.

ಅಡುಗೆಮನೆಯಲ್ಲಿ ಮೂರೇ ಮುಖ್ಯ: ಅಕ್ಕಿ, ತೆಂಗು, ಮೀನು. ಮೀನೆಂದರೆ ಮೊದಲು ಚೂರ, ಅಂದರೆ ಟ್ಯೂನಾ. ಅದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿದರೆ ಮರದ ತುಂಡಿನಂತೆ ಗಟ್ಟಿಯಾದ 'ಮಾಸ್' ಆಗುತ್ತದೆ. ಮೀನಿಗೆ ಹೋಗಲಾಗದ ಮಳೆಗಾಲಕ್ಕೆ ಅದೇ ಆಸರೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿ ನೀರಾ ಕುದಿಸಿದರೆ ಬೆಲ್ಲ, ಹುಳಿಯಲು ಬಿಟ್ಟರೆ ವಿನೆಗರ್. ಆ ಬೆಲ್ಲ ಮತ್ತು ತೆಂಗಿನಕಾಯಿಯಿಂದ ಮಾಡಿದ ಹಲ್ವದ ಉಂಡೆಯನ್ನು ಒಣ ಬಾಳೆಲೆಯಲ್ಲಿ ಸುತ್ತಿಡುತ್ತಾರೆ. ನೆಂಟರಿಗೆ ದ್ವೀಪದವರು ಕೊಡುವ ಉಡುಗೊರೆ ಅದು. ಮಿನಿಕಾಯ್ ದ್ವೀಪದವರ ಗಾಳದ ಕೋಲಿನ ಟ್ಯೂನಾ ಬೇಟೆ ಮತ್ತು ಯಂತ್ರದ ದೋಣಿ 1960ರ ದಶಕದಿಂದ ಉತ್ತರದ ದ್ವೀಪಗಳಿಗೂ ಹರಡಿದವು.

ಮನೆಯ ಮಾತು ಜೆಸರಿ, ಮಲಯಾಳಂಗೆ ಹತ್ತಿರವಾದ ದ್ವೀಪಭಾಷೆ. ಶಾಲೆಯಲ್ಲಿ ಮಲಯಾಳಂ, ಮದರಸಾದಲ್ಲಿ ಅರಬ್ಬೀ. ಹಬ್ಬ ಮದುವೆಗಳಲ್ಲಿ ಕೋಲ್ಕಳಿ ಮತ್ತು ಪರಿಚಕಳಿ ಕುಣಿತ. ಅಮಿನಿಯ ಕುಶಲಿಗರು ತೆಂಗಿನ ಚಿಪ್ಪು ಕೂಡಿಸಿದ ಊರುಗೋಲಿಗೂ ಕಲ್ಲಿನ ಕೆತ್ತನೆಗೂ ಹೆಸರಾದವರು. ಊರು ಪುಟ್ಟದಾದರೂ ಮಸೀದಿಗಳು ಹಲವು.

ಜೂನ್‌ನಿಂದ ಕಡಲು ಮುಚ್ಚಿದಂತೆಯೇ. ಹಿಂದೆ ಮುಂಗಾರಿಗೆ ಮೊದಲೇ ಊರವರೆಲ್ಲ ಹಾಡಿಗೆ ದನಿಗೂಡಿಸಿ ಓಡಗಳನ್ನು ಮರಳ ಮೇಲೆ ಎಳೆದು, ಗರಿಯ ಚಪ್ಪರದ ಕೆಳಗೆ ಮುಚ್ಚಿಡುತ್ತಿದ್ದರು. ಅಕ್ಕಿ ಸಾಕಷ್ಟು ಬಂದಿಲ್ಲದಿದ್ದರೆ ಆ ನಾಲ್ಕು ತಿಂಗಳು ಹಸಿವಿನವು. ಇಂದು ವರ್ಷವಿಡೀ ಹಡಗಿನ ಸಂಚಾರವಿದೆ. ಆದರೂ ದೊಡ್ಡ ಹಡಗು ಹವಳದ ದಂಡೆಯ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಪುಟ್ಟ ದೋಣಿಗೆ ಇಳಿಯುವ ಮುದುಕರಿಗೂ ಬಸುರಿಯರಿಗೂ ಮಳೆಗಾಲದ ಅಲೆ ಇಂದಿಗೂ ಭಯವೇ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ದಕ್ಷಿಣ ಕನ್ನಡ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ ಕಾಯಿದೆಯೇ ಅದರಿಂದ ಕಾಸರಗೋಡು ತಾಲ್ಲೂಕನ್ನೂ ಅಮಿನಿದೀವಿಯನ್ನೂ ಬಿಡಿಸಿ ತೆಗೆಯಿತು. ಕಾಸರಗೋಡು ಕೈಬಿಟ್ಟ ನೋವನ್ನು ಕನ್ನಡಿಗರು ಮರೆತಿಲ್ಲ, ಅಮಿನಿ ಹೋದದ್ದನ್ನು ಗಮನಿಸಿದವರು ಕಡಿಮೆ. ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶವಾದವು. 1964ರಲ್ಲಿ ಅದರ ಆಡಳಿತ ಕೇಂದ್ರ ಕೋಯಿಕ್ಕೋಡಿನಿಂದ ಕವರತ್ತಿಗೆ ಬಂತು, 1973ರಲ್ಲಿ ಲಕ್ಷದ್ವೀಪ ಎಂಬ ಹೆಸರಾಯಿತು. ಕಚೇರಿಯ ನಂಟು ಹೀಗೆ ಮುಗಿದರೂ ಕಡಲಿನ ನಂಟು ಕಡಿದಿಲ್ಲ. ಮಳೆಗಾಲ ಕಳೆದ ಮೇಲೆ ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಮತ್ತು ಮರಳು ಹೊತ್ತ ಸರಕು ದೋಣಿಗಳು ಲಕ್ಷದ್ವೀಪಕ್ಕೆ ಈಗಲೂ ಹೊರಡುತ್ತವೆ.