ಬೆಳಗಾವಿ ಜಿಲ್ಲೆಯ ಆಡಳಿತ ಪಲ್ಲಟವೂ ಸೇವಕವರ್ಗದ ಹಕ್ಕೂ

ಸೀಮೆಯೊಂದು ಒಂದು ಸರಕಾರದಿಂದ ಇನ್ನೊಂದಕ್ಕೆ ಸೇರುವಾಗ ನೆಲದೊಡನೆ ಅಲ್ಲಿಯ ನೌಕರವರ್ಗವೂ ಕೈಮಾರುವುದು. ಇತಿಹಾಸಕಾರರು ನೆಲದ ಕಥೆಯನ್ನು ವಿಸ್ತರಿಸಿ ನೌಕರರ ಕಥೆಯನ್ನು ಬಿಡುವುದೇ ವಾಡಿಕೆ.

ಕ್ರಿ. ಶ. ೧೯೫೬ನೆಯ ನವೆಂಬರ ೧ರಂದು ಮುಂಬಯಿ ರಾಜ್ಯದ ಬೆಳಗಾವಿ ಜಿಲ್ಲೆಯು, ಚಂದಗಡ ತಾಲ್ಲೂಕೊಂದನ್ನುಳಿದು, ಮೈಸೂರು ರಾಜ್ಯವನ್ನು ಕೂಡಿತು. ಬೆಳಗಾವಿ ಪಟ್ಟಣದ ಕಲೆಕ್ಟರ ಕಚೇರಿಯ ಕಾರಕೂನರೂ ಖಾನಾಪುರ ತಾಲ್ಲೂಕಿನ ತಲಾಟಿಗಳೂ ಕುಳಿತ ಸ್ಥಳದಲ್ಲಿಯೇ ಬೇರೊಂದು ಸರಕಾರದ ಸೇವಕರಾದರು.

ಇವರ ಗತಿಯನ್ನು ಅದೇ ವರ್ಷದ ರಾಜ್ಯ ಪುನರ್ವಿಂಗಡಣಾ ಶಾಸನವು ಮೊದಲೇ ನಿರ್ಣಯಿಸಿತ್ತು. ೧೧೬ನೆಯ ಕಲಮಿನಂತೆ ಅವರವರ ಹುದ್ದೆ ಅವರವರಿಗೆ ಉಳಿಯಿತು. ೧೧೫ನೆಯ ಕಲಮಿನಂತೆ, ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಸೇವಾನಿಬಂಧನೆಗಳನ್ನು ಅವರಿಗೆ ಹಾನಿಯಾಗುವಂತೆ ಮಾರ್ಪಡಿಸಕೂಡದು. ಪಿಂಚಣಿಯ ಹೊರೆಯನ್ನು ರಾಜ್ಯಗಳೊಳಗೆ ಹಂಚುವ ಕ್ರಮವೂ ಅದರಲ್ಲಿತ್ತು.

ಆದರೆ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಕಡೆಗಳ ನೌಕರರು ಒಂದೇ ಪಂಕ್ತಿಗೆ ಬಂದುದರಿಂದ ಬಡ್ತಿಯ ವಿವಾದವು ತಲೆದೋರಿತು. ೧೯೫೭ನೆಯ ಮೇ ೧೧ರ ಕೇಂದ್ರದ ಪತ್ರವು ಸಂಬಳ, ರಜೆ, ಪಿಂಚಣಿಗಳಿಗೆ ರಕ್ಷಣೆಯಿತ್ತು, ಬಡ್ತಿಯ ನಿಯಮಗಳನ್ನು ರಾಜ್ಯಗಳಿಗೆ ಬಿಟ್ಟಿತು. ಶಾಸನವು ಬೇಡುವ ಪೂರ್ವಾನುಮತಿಯು ಇದೇ ಎಂದು ೧೯೬೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ದಕ್ಷಿಣ ಕನ್ನಡದ ನೌಕರನೊಬ್ಬನ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಹೀಗೆ ನೌಕರನ ಜೀವನವು ಭದ್ರವಾಯಿತು. ಏಳಿಗೆಯ ಹಳೆಯ ಭರವಸೆಯು ಭದ್ರವಾಗಲಿಲ್ಲ.

ಅಮೇರಿಕೆಯಲ್ಲಿ ಅಧ್ಯಕ್ಷಪದವಿಯ ಪಲ್ಲಟಕ್ಕೆ ೧೯೬೩ರ ಶಾಸನವು ಬೊಕ್ಕಸದ ಹಣವನ್ನು ಒದಗಿಸಿತು. ೨೦೨೦ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಪಲ್ಲಟದ ಸಿಬ್ಬಂದಿಗೆ ನೀತಿಯ ಕಟ್ಟಳೆಯನ್ನು ಕಡ್ಡಾಯಮಾಡಿತು. ಅಲ್ಲಿಯ ಚಿಂತೆ ಸೇವಕನ ಶೀಲದ್ದು, ಇಲ್ಲಿಯದು ಸೇವಕನಿಗೆ ಸಲ್ಲಬೇಕಾದ ನ್ಯಾಯದ್ದು. ಇವೆರಡೂ ಕೂಡಿದಲ್ಲದೆ ಯಾವ ಹಸ್ತಾಂತರವೂ ಪೂರ್ಣವೆನಿಸದು.