ರಿಕ್ಷಾದಿಂದ ಇಳಿದುಹೋದ ಮನುಷ್ಯ

ಹೈದರಾಬಾದಿನ ಬಾಲಾನಗರದಲ್ಲಿ, ನರಸಾಪುರ ಚೌರಸ್ತೆಯ ಬಳಿ, ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಎಲ್ಲ ಕಡೆಯಿಂದಲೂ ಕೇಳಿಬರುವ ಕೂಗು ಒಂದೇ: 'ಆಟೋ!' ತೆಲುಗರು, ಉರ್ದು ಮಾತಿನವರು, ದುಡಿಮೆಗೆಂದು ಬೀದರ್, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ನಮ್ಮವರು, ಎಲ್ಲರಿಗೂ ಈ ಎರಡಕ್ಷರ ಸಾಕು. ಆ ಕೂಗಿನಲ್ಲಿ ಕೇಳಿಸದೆ ಉಳಿದಿರುವ ಅರ್ಧ ಪದ ಜಪಾನೀ ಭಾಷೆಯದು.

ಜಪಾನೀ ಪದಗಳು ಇಂಗ್ಲಿಷಿಗೂ ಅದರ ಮೂಲಕ ನಮ್ಮ ನುಡಿಗಳಿಗೂ ಬಂದ ಬಗೆಯನ್ನು ಹೇಳುವಾಗ ಕರಾಟೆ, ಜೂಡೋ, ಸುಡೊಕು, ಎಮೋಜಿ ಎಂದು ಪಟ್ಟಿ ಕೊಡುವುದು ವಾಡಿಕೆ. ಪದವೊಂದು ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂದು ಹುಡುಕುವುದು ನಮಗೆ ಹೆಚ್ಚು ಕುತೂಹಲದ ಕೆಲಸವಾಗಿ ಕಂಡಿದೆ.

ರಿಕ್ಷಾದ ಮೂಲರೂಪ 'ಜಿನ್‌ರಿಕಿಶ'. ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಬಲ, ಶ ಎಂದರೆ ಬಂಡಿ. ಕನ್ನಡದಲ್ಲಿ 'ಆಳ್ಬಲದ ಬಂಡಿ' ಎನ್ನಬಹುದು. 1870ರಲ್ಲಿ ಟೋಕಿಯೊದ ಆಡಳಿತವು ಇದನ್ನು ತಯಾರಿಸಿ ಓಡಿಸಲು ಅನುಮತಿಯಿತ್ತಿತು. ಹತ್ತು ವರ್ಷಗಳಲ್ಲಿ ಅದು ಶಾಂಘೈಯನ್ನು ದಾಟಿ ಶಿಮ್ಲಾದ ಏರುದಾರಿಗಳಿಗೂ ಬಂತು. ಇಂಗ್ಲಿಷರ ನಾಲಿಗೆಗೆ ಹೆಸರು ಉದ್ದವೆನಿಸಿ ಕತ್ತರಿ ಬಿತ್ತು. 1888ರಲ್ಲಿ ಅಲಹಾಬಾದಿನಿಂದ ಹೊರಬಂದ ರಡ್ಯಾರ್ಡ್ ಕಿಪ್ಲಿಂಗನ ಕಥಾಸಂಕಲನದ ಶೀರ್ಷಿಕೆಯಲ್ಲಿ ಶಿಮ್ಲಾದ ಪ್ರೇತರಿಕ್ಷಾವೊಂದಿದೆ. ಅಲ್ಲಿ ರಿಕ್ಷಾ ಎಂಬ ಪದದ ಹಿಂದೆ ಒಂದು ಲೋಪಚಿಹ್ನೆಯನ್ನೂ ಅಚ್ಚುಮಾಡಲಾಗಿದೆ. ಕಡಿದ ಕೊಂಬೆಯ ಗುರುತಿನಂತೆ ಆ ಚಿಹ್ನೆ ಕೆಲಕಾಲ ಉಳಿದು, ಮುಂದೆ ಅದೂ ಅಳಿಸಿಹೋಯಿತು.

ಕಡಿದುಹಾಕಿದ್ದು ಬೇರೇನನ್ನೂ ಅಲ್ಲ, 'ಜಿನ್' ಎಂಬುದನ್ನು, ಅಂದರೆ ಮನುಷ್ಯನನ್ನು. ಪದದಿಂದ ಇಳಿದುಹೋದ ಆ ಮನುಷ್ಯನಿಗೆ ಬಂಡಿಯ ಮೂಕಿಯಿಂದ ಮಾತ್ರ ಬಿಡುಗಡೆ ದೊರೆಯಲಿಲ್ಲ. ಒಂದು ಶತಮಾನ ಕಳೆದ ಮೇಲೂ ಕೋಲ್ಕತ್ತದ ಬೀದಿಗಳಲ್ಲಿ ಅವನು ಬರಿಗಾಲಲ್ಲಿ ಓಡುತ್ತಲೇ ಇದ್ದ. ಹೈದರಾಬಾದಿನಲ್ಲಿ ಅವನಿಗೆ ಸೈಕಲ್ಲಿನ ಪೆಡಲು ಸಿಕ್ಕಿತು; ಉಸಿರು ಅವನದೇ.

ಯಂತ್ರ ಬಂದಾಗ ಹಿಂದೆ 'ಆಟೋ' ಸೇರಿತು. ಇದು ಗ್ರೀಕ್ ಮೂಲದ್ದು, 'ತಾನೇ' ಎಂಬ ಅರ್ಥದ್ದು. 'ಜಿನ್' ಉಳಿದಿದ್ದರೆ 'ಸ್ವಯಂಚಾಲಿತ ಆಳ್ಬಲದ ಬಂಡಿ' ಎಂಬ ವಿಚಿತ್ರವನ್ನು ನಾವು ಹೇಳಬೇಕಾಗುತ್ತಿತ್ತು. ಕೊನೆಗೆ ಹೈದರಾಬಾದು, ಬೆಂಗಳೂರುಗಳು ಜಪಾನೀ ಭಾಗವನ್ನೇ ಬಿಟ್ಟು ಗ್ರೀಕನ್ನು ಉಳಿಸಿಕೊಂಡವು. ಮುಂಬಯಿ ಮತ್ತು ಮಂಗಳೂರಿನವರು ಗ್ರೀಕನ್ನು ಬಿಟ್ಟು 'ರಿಕ್ಷಾ' ಎನ್ನುತ್ತಾರೆ. ಮನುಷ್ಯನನ್ನು ಮರಳಿ ಕರೆದವರು ಎಲ್ಲೂ ಇಲ್ಲ.

ಬಾಲಾನಗರದ ನೆರೆಯಲ್ಲೇ ಇನ್ನೊಂದು ಜಪಾನೀ ಪದಕ್ಕೆ ಸರ್ಕಾರಿ ನೆಲೆಯಿದೆ. ಪ್ರಗತಿನಗರದಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಕೆಲಸ ಮಾಡುತ್ತಿದೆ. ಕಡಲೇ ಇಲ್ಲದ ಊರು ಕಡಲನ್ನು ಕಾಯುತ್ತಿದೆ! 'ತ್ಸು' ಎಂದರೆ ಬಂದರು, 'ನಾಮಿ' ಎಂದರೆ ಅಲೆ. ನಡುಗಡಲಿನಲ್ಲಿದ್ದ ಬೆಸ್ತರಿಗೆ ಈ ಅಲೆ ಗೊತ್ತೇ ಆಗುವುದಿಲ್ಲ. ದಡಕ್ಕೆ ಮರಳಿದಾಗ ಬಂದರು ಇರುವುದಿಲ್ಲ. ಹೆಸರಿನ ಹಿಂದಿನ ಅನುಭವ ಅದು ಎನ್ನುತ್ತಾರೆ. 1896ರ ಜೂನ್ 15ರಂದು ಜಪಾನಿನ ಸಾನ್ರಿಕು ಕರಾವಳಿಯಲ್ಲಿ ಸುಮಾರು 22,000 ಜನ ಸತ್ತಾಗ ಪದವು ಇಂಗ್ಲಿಷ್ ಓದುಗರಿಗೆ ತಲಪಿತು. ನಮ್ಮ ಮನೆಮಾತಾಗಲು 2004ರ ಡಿಸೆಂಬರ್ 26 ಬರಬೇಕಾಯಿತು; ಭಾರತವೊಂದರಲ್ಲೇ 10,000ಕ್ಕೂ ಹೆಚ್ಚು ಜೀವಗಳು ಹೋದವು. ಕನ್ನಡ, ತೆಲುಗುಗಳಲ್ಲಿ ತಕಾರ ಉದುರಿ 'ಸುನಾಮಿ'ಯಾದಾಗ ಸಂಸ್ಕೃತದ ಕಿವಿಗೆ ಅದು ಒಳ್ಳೆಯ ಹೆಸರುಳ್ಳವನಂತೆ ಕೇಳಿಸಿತು. ಈಗ ಚುನಾವಣೆ ಬಂದಾಗಲೆಲ್ಲ ಯಾವುದೋ ಪಕ್ಷದ 'ಸುನಾಮಿ' ಎಂಬ ತಲೆಬರಹವನ್ನು ಕಾಣುತ್ತೇವೆ. ಸತ್ತವರ ನೆನಪಿರುವವರಿಗೆ ಈ ರೂಪಕ ಹೇಗೆ ಕೇಳಿಸೀತು?

ಪದಗಳು ಅಲ್ಲಿಂದಲೇ ಬಂದವೆಂದೇನೂ ಅಲ್ಲ. ಬೌದ್ಧರ ಜೊತೆ ಚೀನಾ ಹಾದು ಹೋದ ನಮ್ಮ 'ದಾನ' ಜಪಾನಿನಲ್ಲಿ 'ದನ್ನ' ಎಂದಾಗಿ ಯಜಮಾನನನ್ನೂ ಗಂಡನನ್ನೂ ಸೂಚಿಸುತ್ತದೆ. 'ನರಕ'ವು 'ನರಾಕು' ಆಗಿದೆ. ಕಬುಕಿ ರಂಗಮಂದಿರದಲ್ಲಿ ವೇದಿಕೆಯ ಕೆಳಗಿನ ನೆಲಮಾಳಿಗೆಗೂ ಅದೇ ಹೆಸರು. ನಾಟಕದ ಮಿತ್ರರು ಇದನ್ನು ಕೇಳಿ ನಕ್ಕರು.

1968ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ ಶುರುವಾದ ಬಾಲಾನಗರ ಯಂತ್ರಗಳ ಊರು. ಅಂಥ ಊರುಗಳಿಗೆ ಜಪಾನೀ ಪದಗಳ ಹೊಸ ಕಂತು ಬಂದದ್ದು ಕಾರ್ಖಾನೆಯ ಬಾಗಿಲಿನಿಂದ. ನಮ್ಮ ಕಿವಿಗೆ 'ಕೈ'ಕೆಲಸದಂತೆ ಕೇಳಿಸುವ 'ಕೈಜೆನ್' ನಿಜಕ್ಕೂ 'ಒಳಿತಿನತ್ತ ಬದಲಾವಣೆ'. 'ಕನ್‌ಬನ್' ಅಂಗಡಿಯ ನಾಮಫಲಕ. 1999ರ ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರು ತಯಾರಿಕೆಗೆ ತೊಡಗಿದ ಮೇಲೆ ಕನ್ನಡದ ಕಾರ್ಮಿಕರಿಗೂ ಇವು ಬಳಕೆಯ ಮಾತಾದವು.

ಆ ಕಂತಿನಲ್ಲೇ 'ಜಿದೋಕ' ಇದೆ. ಜಪಾನೀ ಭಾಷೆಯಲ್ಲಿ ಯಾಂತ್ರೀಕರಣಕ್ಕೆ ಇರುವ ಸಾಮಾನ್ಯ ಪದವೇ ಅದು. ಟೊಯೋಟಾದವರು ಅದರ ನಡುವಿನ, 'ಚಲಿಸು' ಎಂಬ ಲಿಪಿಚಿತ್ರದ ಪಕ್ಕದಲ್ಲಿ ಮನುಷ್ಯನನ್ನು ಸೂಚಿಸುವ ಎರಡು ಗೆರೆಗಳನ್ನು ಸೇರಿಸಿದರು. ಅರ್ಥ 'ದುಡಿ' ಎಂದಾಯಿತು. ತಪ್ಪು ಕಂಡರೆ ಯಂತ್ರ ತಾನೇ ನಿಲ್ಲಬೇಕು, ಕಾರ್ಮಿಕನಿಗೂ ಸಾಲನ್ನು ನಿಲ್ಲಿಸುವ ಅಧಿಕಾರವಿರಬೇಕು ಎಂಬುದು ಅದರ ತಾತ್ಪರ್ಯ. ಉಚ್ಚಾರಣೆ ಮಾತ್ರ ಬದಲಾಗಿಲ್ಲ. ಆ ಮನುಷ್ಯ ಕಣ್ಣಿಗಷ್ಟೇ ಇದ್ದಾನೆ, ಕಿವಿಗಿಲ್ಲ. ಕನ್ನಡದಲ್ಲಿ ಬರೆಯುವಾಗ ಎರಡು ಪದಗಳಿಗೂ ನಮ್ಮಲ್ಲಿರುವುದು ಅದೇ ಮೂರು ಅಕ್ಷರ.