ತಗ್ಗುದೋಟ: ಪಾತಿಯಿಂದ ಕಲ್ಲುಕ್ವಾರಿಯವರೆಗೆ

ಸುತ್ತಲಿನ ನೆಲಮಟ್ಟಕ್ಕಿಂತ ಕೆಳಗೆ, ಮೆಟ್ಟಿಲಿಳಿದು ಹೋಗುವಂತೆ ರಚಿಸಿದ ಉದ್ಯಾನವನ್ನು ಇಂಗ್ಲಿಷಿನಲ್ಲಿ ‘ಸಂಕನ್ ಗಾರ್ಡನ್’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ರೂಢಿಯಾದ ಹೆಸರಿಲ್ಲ. ‘ತಗ್ಗುದೋಟ’ ಎಂದರೆ ಸಾಕೆಂದು ನನ್ನ ಭಾವನೆ. ಹೆಸರು ಹೊಸದಾದರೂ ಅದರ ತತ್ತ್ವ ನಮ್ಮ ರೈತರಿಗೆ ಹೊಸದಲ್ಲ. ತೆಂಗಿನ ಸಸಿಯ ಸುತ್ತ ಮಣ್ಣು ತೆಗೆದು, ಅಂಚಿಗೆ ಏರಿ ಕಟ್ಟಿ, ನೀರು ನಿಲ್ಲುವಂತೆ ಮಾಡುವ ಪಾತಿಯೇ ಅತ್ಯಂತ ಚಿಕ್ಕ ತಗ್ಗುದೋಟ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಬಾವಿಗಳನ್ನೇ ನಂಬಿ ಬದುಕಿದ ಈ ಬಯಲುಸೀಮೆಯಲ್ಲಿ ನೀರಿರುವ ಕಡೆಗೆ ಮನುಷ್ಯನೇ ಇಳಿದುಹೋಗಬೇಕಾಗಿತ್ತು. ನಮ್ಮ ಚಿಕ್ಕಜಾಲದ ಹಳೆಯ ಕಲ್ಲುಗೋಡೆಯ ಆವರಣದಲ್ಲಿರುವ ಕಲ್ಯಾಣಿಯ ಮೆಟ್ಟಿಲುಗಳು ಹೇಳುವುದೂ ಇದನ್ನೇ.

ಅರಸರ ತೋಟಗಳಲ್ಲಿ ಇದೇ ಪಾತಿ ವಿಸ್ತಾರವಾದ ರೂಪವನ್ನು ಪಡೆಯಿತು. ಮೊಗಲರ ಚಾರ್‌ಬಾಗ್ ಪದ್ಧತಿಯಲ್ಲಿ ನಡೆದಾಡುವ ದಾರಿಯೂ ನೀರಿನ ಕಾಲುವೆಯೂ ಎತ್ತರದಲ್ಲಿರುತ್ತವೆ, ಗಿಡಗಳ ಮಡಿಗಳು ತಗ್ಗಿನಲ್ಲಿರುತ್ತವೆ. ಕಾಲುವೆಯ ಬಾಯಿ ತೆಗೆದರೆ ನೀರು ತಾನಾಗಿಯೇ ಮಡಿಗೆ ಇಳಿಯುತ್ತದೆ. ದಾರಿಯ ಮೇಲೆ ನಿಂತವನಿಗೆ ಹೂವುಗಳು ಹಾಸಿದ ಜಮಖಾನೆಯಂತೆ ಕಾಣುತ್ತವೆ. ಬಾಬರನು 1527ರಲ್ಲಿ ಧೋಲ್‌ಪುರದ ಬಳಿ ಬಂಡೆಯನ್ನೇ ಕೊರೆಯಿಸಿ ತಾವರೆಯಾಕಾರದ ಕೊಳಗಳುಳ್ಳ ತೋಟವನ್ನು ಮಾಡಿಸಿದ್ದನು. ಮಣ್ಣಿನಲ್ಲಿ ಮುಚ್ಚಿಹೋಗಿದ್ದ ಅದನ್ನು ಎಲಿಜಬೆತ್ ಮೊಯ್ನಿಹಾನ್ ಎಂಬ ವಿದುಷಿ 1978ರಲ್ಲಿ ಗುರುತಿಸಿದರು. ಈ ಪದ್ಧತಿ ಶಿರಾದ ಮೊಗಲ್ ಸುಬೇದಾರರ ಮೂಲಕ ನಮ್ಮ ಸೀಮೆಗೂ ಬಂದಿತು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಶಿರಾದ ತೋಟವೇ ಮಾದರಿಯೆಂಬುದು ಪ್ರಸಿದ್ಧವಾಗಿದೆ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, ಚೌಕ ಮಡಿಗಳಾಗಿ ವಿಂಗಡಿಸಿದ್ದ ಇಲ್ಲಿನ ಸುಲ್ತಾನರ ತೋಟಗಳನ್ನು ವರ್ಣಿಸಿದ್ದಾನೆ. ದಾರಿಗಳ ಬದಿಗೆ ಸುರುವೆಯ ಸಾಲು, ಒಂದು ಮಡಿಯಲ್ಲಿ ಗುಲಾಬಿಯೇ, ಇನ್ನೊಂದರಲ್ಲಿ ದಾಳಿಂಬೆಯೇ. ಬ್ರಿಟಿಷರ ಕಾಲದಲ್ಲಿ ಹುಲ್ಲುಹಾಸಿನ ಅಭಿರುಚಿ ಬೆಳೆದಂತೆ ಆ ಚೌಕಗಳ ಕಟ್ಟು ಬಹುಮಟ್ಟಿಗೆ ಅಳಿಸಿಹೋಯಿತು. ಹುಲ್ಲುಹಾಸು ಕಣ್ಣಿಗೆ ತಂಪೇನೋ ಹೌದು, ಆದರೆ ಅದರ ಬಾಯಾರಿಕೆ ದೊಡ್ಡದು.

ಇವೆಲ್ಲ ತೋಟಕ್ಕೆಂದೇ ಮಾಡಿದ ತಗ್ಗುಗಳು. ಬೇರೆ ಕಾರಣಕ್ಕೆ ಅಗೆದು ಬಿಟ್ಟ ಹಳ್ಳವನ್ನೇ ತೋಟವಾಗಿಸಿದ ಕಥೆಯೊಂದಿದೆ. ನಮ್ಮ ಭಾಗದವರು ಅದನ್ನು ಅವಶ್ಯವಾಗಿ ತಿಳಿಯಬೇಕು.

ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ, ವಿಕ್ಟೋರಿಯಾ ನಗರದ ಸಮೀಪ, ರಾಬರ್ಟ್ ಬುಚಾರ್ಟ್ ಎಂಬ ಉದ್ಯಮಿ 1904ರಲ್ಲಿ ಸಿಮೆಂಟ್ ಕಾರ್ಖಾನೆಯನ್ನು ಆರಂಭಿಸಿದನು. ಸುಣ್ಣಕಲ್ಲು ಮುಗಿದ ಮೇಲೆ ಮನೆಯ ಪಕ್ಕದಲ್ಲಿ ಉಳಿದದ್ದು ಬೋಳು ಗೋಡೆಗಳ ಒಂದು ಆಳವಾದ ಗುಂಡಿ. ಅವನ ಪತ್ನಿ ಜೆನ್ನಿ ಅದನ್ನು ಉದ್ಯಾನವಾಗಿಸಲು ಮುಂದಾದಳು. ಗುಂಡಿಯ ತಳದಲ್ಲಿ ಹಿಡಿ ಮಣ್ಣೂ ಇರಲಿಲ್ಲ. ಆಸುಪಾಸಿನ ಹೊಲಗಳಿಂದ ಕುದುರೆ ಗಾಡಿಗಳಲ್ಲಿ ಮೇಲ್ಮಣ್ಣನ್ನು ತರಿಸಿ ಹರಡಿಸಿದಳು. ಅತ್ಯಂತ ಆಳವಾದ ಭಾಗವನ್ನು ಮುಚ್ಚಲಿಲ್ಲ, ಅದು ಕೊಳವಾಯಿತು. ನಡುವೆ ಉಳಿದಿದ್ದ ಕೆಲಸಕ್ಕೆ ಬಾರದ ಕಲ್ಲುದಿಬ್ಬವನ್ನು ಒಡೆಸದೆ, ಅದಕ್ಕೆ ಮೆಟ್ಟಿಲು ಕಟ್ಟಿಸಿ ತೋಟವನ್ನು ನೋಡುವ ಜಗುಲಿ ಮಾಡಿಸಿದಳು. ಗೋಡೆಗಳ ಬೋಳುತನವನ್ನು ಮರೆಮಾಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಕೆ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು, ಗೋಡೆಗುಂಟ ಇಳಿಯುತ್ತ, ಬಿರುಕು ಬಿರುಕಿಗೂ ಐವಿ ಬಳ್ಳಿಯ ಸಸಿಗಳನ್ನು ಸಿಕ್ಕಿಸಿದಳಂತೆ! 1921ರ ಹೊತ್ತಿಗೆ ತೋಟ ಪೂರ್ಣಗೊಂಡಿತು. ಕಾರ್ಖಾನೆ ಎಂದೋ ನಿಂತುಹೋಯಿತು. ತೋಟವನ್ನು ನೋಡಲು ಜನ ಇಂದಿಗೂ ದೇಶದೇಶಗಳಿಂದ ಹೋಗುತ್ತಾರೆ.

ಇನ್ನು ನಮ್ಮ ನೆರೆಯನ್ನು ನೋಡಿ. ಚಿಕ್ಕಜಾಲಕ್ಕೆ ಸಮೀಪದ ಬೆಟ್ಟಹಲಸೂರಿನ ಕಲ್ಲೆಂದರೆ ಬೆಂಗಳೂರಿನ ಮನೆ ಕಟ್ಟುವವರಿಗೆಲ್ಲ ಪರಿಚಿತ. ನಗರದ ತಳಪಾಯಗಳಿಗೆ ಸೈಜುಗಲ್ಲು, ಮನೆಗಳಿಗೆ ಚಪ್ಪಡಿ, ರಸ್ತೆಗಳಿಗೆ ಜಲ್ಲಿ ಇಂಥ ಊರುಗಳ ಬಂಡೆಗಳಿಂದಲೇ ಹೋದದ್ದು. ಕಲ್ಲುಕುಟಿಗರ ಎಷ್ಟೋ ತಲೆಮಾರುಗಳ ಉಳಿ ಸುತ್ತಿಗೆಯ ದುಡಿಮೆ ಅದರಲ್ಲಿದೆ. ನಗರ ಎದ್ದು ನಿಂತಷ್ಟೂ ಇಲ್ಲಿ ಹಳ್ಳ ಬಿದ್ದಿತು. ಆ ಋಣಕ್ಕೆ ನಗರ ಮರಳಿ ಕಳುಹಿಸಿದ್ದೇನು? ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕ್ವಾರಿಗಳಿಗೆ ಲಾರಿ ಲಾರಿ ಕಸ ಬಂದು ಬಿದ್ದಿತು. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ಜನರ ಹೋರಾಟದ ಫಲವಾಗಿ 2012ರಲ್ಲಿ ಕಸ ಸುರಿಯುವುದು ನಿಂತಿತು. ಅಷ್ಟರಲ್ಲಿ ಕಸದ ರಸ ನೆಲಕ್ಕಿಳಿದು ಬಾವಿಯ ನೀರಿನ ಬಗ್ಗೆ ಜನರಲ್ಲಿ ಭಯ ಹುಟ್ಟಿಸಿತ್ತು. ಕಲ್ಲು ಕೊಟ್ಟ ಊರಿಗೆ ಕಸ ಕೊಡುವುದು ಯಾವ ನ್ಯಾಯವೆಂದು ಕೇಳಲು ಪಾಂಡಿತ್ಯವೇನೂ ಬೇಕಿಲ್ಲ.

ಉಳಿದಿರುವ ಕ್ವಾರಿಗಳಲ್ಲಿ ಒಂದನ್ನಾದರೂ ತಗ್ಗುದೋಟವಾಗಿಸಬಾರದೇಕೆ? ಜೆನ್ನಿಯ ಕ್ರಮವನ್ನು ಇದ್ದಂತೆಯೇ ನಕಲು ಮಾಡುವುದು ಸಲ್ಲದು. ನಮ್ಮ ಗ್ರಾನೈಟಿನಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ. ವರ್ಷಕ್ಕೆ 900 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯಲ್ಲಿ ಹೆಚ್ಚಿನ ಪಾಲು ಕೆಲವೇ ತಿಂಗಳುಗಳಲ್ಲಿ ಸುರಿಯುತ್ತದೆ. ಆದ್ದರಿಂದ ತಳವನ್ನು ಕೊಳವೆಂದೇ ಒಪ್ಪಿಕೊಂಡು, ನೀರು ಏರುವ ಮಟ್ಟವನ್ನು ಎರಡು ಮಳೆಗಾಲ ಗುರುತಿಸಿ, ಅದರ ಮೇಲಿನ ಮೆಟ್ಟುಗಳಲ್ಲಿ ಮಾತ್ರ ಮಣ್ಣು ತುಂಬಿಸಬೇಕು. ನೀರಿನಲ್ಲಿ ತಾವರೆ, ನೀರಂಚಿನಲ್ಲಿ ಕೇದಗೆ, ಕೆಸು, ಕಾಬಾಳೆ. ನಡುವಣ ಮೆಟ್ಟುಗಳಲ್ಲಿ ಮಲ್ಲಿಗೆ, ಕಣಗಿಲೆ, ದಾಸವಾಳ. ಮೇಲಂಚಿನಲ್ಲಿ ಹೊಂಗೆ, ನೇರಳೆ. ಆಲ, ಅರಳಿಗಳನ್ನು ಗೋಡೆಯ ಸಮೀಪ ಬರಗೊಡಬಾರದು, ಅವುಗಳ ಬೇರು ಬಿರುಕನ್ನು ಅಗಲಿಸಿ ಕಲ್ಲುರುಳಿಸುತ್ತದೆ. ಸಡಿಲವಾದ ಬಂಡೆಗಳನ್ನು ಮೊದಲೇ ಇಳಿಸಿ, ಕೊಳದ ಸುತ್ತ ಕಟಕಟೆ ಹಾಕುವುದು ಎಲ್ಲಕ್ಕಿಂತ ಮುಂಚಿನ ಕೆಲಸ. ಇಂಥ ಹೊಂಡಗಳಲ್ಲಿ ಈಜಲು ಇಳಿದು ಮನೆಗೆ ಹಿಂದಿರುಗದ ಮಕ್ಕಳ ಸುದ್ದಿಯನ್ನು ಬೇಸಿಗೆ ರಜೆಯ ದಿನಗಳಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ.